ದೂರದ ಗ್ರಹ ಸಿಕ್ಕರೆ ಯಾರ ಹೆಸರು ಬರೆಯಬೇಕು?

ನೆಪ್ಚೂನ್‌ ಆಚೆ ಹೌಮಿಯಾ ಅನ್ನೋ ಕುಬ್ಜ ಗ್ರಹ ಇದೆ. ಸೂರ್ಯನನ್ನು ಒಂದು ಸಲ ಸುತ್ತಲು ಅದಕ್ಕೆ ಸುಮಾರು 284 ವರ್ಷ ಬೇಕು. ಆದರೆ ತನ್ನ ಸುತ್ತ ತಾನು ನಾಲ್ಕು ಗಂಟೆಯೊಳಗೆ ತಿರುಗಿಬಿಡುತ್ತದೆ, ಆ ವೇಗಕ್ಕೆ ದುಂಡಗೆ ಉಳಿಯಲಾಗದೆ ಉದ್ದಕ್ಕೆ ಹಿಗ್ಗಿದೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ದಾಖಲೆಯಲ್ಲಿ ಇದು ಸಿಕ್ಕ ದಿನ ಇದೆ, 2003ರ ಮಾರ್ಚ್ 7. ಸಿಕ್ಕ ಜಾಗವೂ ಇದೆ, ಸ್ಪೇನಿನ ಸಿಯೆರಾ ನೆವಾಡಾ ವೀಕ್ಷಣಾಲಯ. ಕಂಡುಹಿಡಿದವರು ಯಾರು ಅನ್ನೋ ಕಡೆ ಮಾತ್ರ ಖಾಲಿ ಬಿಟ್ಟಿದ್ದಾರೆ. ಇನ್ನು ಹೌಮಿಯಾ ಅನ್ನೋ ಹೆಸರು ಕೊಟ್ಟವರು ಸ್ಪೇನಿನವರಲ್ಲ, ಅಮೆರಿಕದ ತಂಡ.

ಹಳೇ ಜಗಳ ಅಂತ ಇದನ್ನು ಬಿಟ್ಟುಬಿಡಬಹುದಿತ್ತು. ಆದರೆ ಚಿಲಿಯ ಸೆರೋ ಪಚೋನ್ ಬೆಟ್ಟದ ಮೇಲೆ ವೆರಾ ರೂಬಿನ್ ವೀಕ್ಷಣಾಲಯ ಕಣ್ಣು ತೆರೆದಿದೆ. 8.4 ಮೀಟರ್ ಕನ್ನಡಿ, 3,200 ಮೆಗಾಪಿಕ್ಸೆಲ್ ಕ್ಯಾಮೆರಾ. 2025ರ ಜೂನ್‌ನಲ್ಲಿ ಮೊದಲ ಚಿತ್ರಗಳು ಹೊರಬಂದಾಗ, ಸುಮಾರು ಹತ್ತು ಗಂಟೆಗಳ ವೀಕ್ಷಣೆಯಲ್ಲೇ 2,104 ಹೊಸ ಕ್ಷುದ್ರಗ್ರಹಗಳು ಸಿಕ್ಕಿದ್ದವು. ಮುಂದಿನ ಹತ್ತು ವರ್ಷ ಇದು ದಕ್ಷಿಣದ ಆಕಾಶವನ್ನೆಲ್ಲ ಮತ್ತೆ ಮತ್ತೆ ಚಿತ್ರ ತೆಗೆಯುತ್ತದೆ. ನೆಪ್ಚೂನ್ ಆಚೆಯ ಕಾಯಗಳು ಸಾವಿರಗಟ್ಟಲೆ ಸಿಗಲಿವೆ. ಇಷ್ಟೆಲ್ಲ ಸಿಗುವಾಗ ಯಾವುದನ್ನು ಯಾರು ಕಂಡುಹಿಡಿದರು ಅನ್ನೋದಕ್ಕೆ ನಮ್ಮ ಹತ್ತಿರ ಸರಿಯಾದ ಲೆಕ್ಕ ಇದೆಯಾ? ಇಲ್ಲ ಅಂತಲೇ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳಲು ಹೌಮಿಯಾ ಕತೆಯನ್ನೇ ಪೂರ್ತಿ ಹೇಳಬೇಕು.

ಕ್ಯಾಲ್ಟೆಕ್‌ನ ಮೈಕ್ ಬ್ರೌನ್, ಜೆಮಿನಿ ವೀಕ್ಷಣಾಲಯದ ಚಾಡ್ ಟ್ರುಹಿಯೊ, ಯೇಲ್‌ನ ಡೇವಿಡ್ ರಾಬಿನೋವಿಟ್ಜ್, ಈ ಮೂವರು ಪಾಲೋಮಾರ್ ಬೆಟ್ಟದ ದೂರದರ್ಶಕದಿಂದ ಸೌರವ್ಯೂಹದ ಅಂಚನ್ನು ಹುಡುಕುತ್ತಿದ್ದರು. 2004ರ ಮೇ 6ರಂದು ತೆಗೆದ ಚಿತ್ರಗಳಲ್ಲಿ ನಿಧಾನಕ್ಕೆ ಜಾರುತ್ತಿದ್ದ ಒಂದು ಚುಕ್ಕಿ ಇತ್ತು. ಅದು ಅವರ ಕಣ್ಣಿಗೆ ಬಿದ್ದದ್ದು ಆ ವರ್ಷದ ಡಿಸೆಂಬರ್ 28ಕ್ಕೆ. ಕ್ರಿಸ್‌ಮಸ್ ಕಳೆದು ಮೂರೇ ದಿನ ಆಗಿತ್ತಲ್ಲ, ತಮ್ಮೊಳಗೆ ಅದನ್ನು ಸಾಂಟಾ ಅಂತ ಕರೆದುಕೊಂಡರು. ಹೊರಗೆ ಯಾರಿಗೂ ಹೇಳಲಿಲ್ಲ. ಮೊದಲು ಕಕ್ಷೆ ತಿಳಿಯಬೇಕು, ಬೆಳಕನ್ನು ಬಿಡಿಸಿ ನೋಡಬೇಕು, ಚಂದ್ರ ಇದೆಯಾ ಹುಡುಕಬೇಕು, ಆಮೇಲೆ ಎಲ್ಲ ಸೇರಿಸಿ ಪ್ರಕಟಿಸೋಣ ಅನ್ನೋದು ಅವರ ಯೋಚನೆ. ಒಂದು ಚಂದ್ರ ಜನವರಿಯಲ್ಲೇ ಸಿಕ್ಕಿತು. ಅದೇ ತಿಂಗಳು ಎರಿಸ್, ಮಾರ್ಚ್ ಕೊನೆಗೆ ಮಾಕೆಮಾಕೆ ಕೂಡ ಅವರಿಗೆ ಸಿಕ್ಕವು. ಮೂರು ದೊಡ್ಡ ಕಾಯಗಳು, ಮೂರೂ ಗುಟ್ಟು.

2005ರ ಜುಲೈ 20ರಂದು, ಸೆಪ್ಟೆಂಬರ್‌ನಲ್ಲಿ ನಡೆಯಬೇಕಿದ್ದ ಒಂದು ಸಮ್ಮೇಳನದ ಪ್ರಬಂಧ ಸಾರಾಂಶಗಳು ಅಂತರ್ಜಾಲಕ್ಕೆ ಬಂದವು. ಅದರಲ್ಲಿ ಬ್ರೌನ್ ತಂಡದ ಸಾರಾಂಶವೂ ಇತ್ತು. ಕಾಯ ಎಲ್ಲಿದೆ ಅಂತ ಅದರಲ್ಲಿ ಬರೆದಿರಲಿಲ್ಲ, ತಂಡದೊಳಗೆ ಬಳಸುತ್ತಿದ್ದ ಕೆ40506ಎ ಅನ್ನೋ ಗುರುತು ಮಾತ್ರ ಇತ್ತು. ಸಮಸ್ಯೆ ಏನಾಯಿತು ಅಂದರೆ, ಇದೇ ಗುರುತು ಚಿಲಿಯ ಸೆರೋ ಟೊಲೊಲೊದಲ್ಲಿದ್ದ ಒಂದು ದೂರದರ್ಶಕದ ವೀಕ್ಷಣಾ ದಿನಚರಿಯಲ್ಲೂ ಇತ್ತು. ಯಾವ ರಾತ್ರಿ ದೂರದರ್ಶಕವನ್ನು ಯಾವ ದಿಕ್ಕಿಗೆ ತಿರುಗಿಸಿದ್ದರು ಅನ್ನೋ ಪಟ್ಟಿ ಅದು. ಪಾಸ್‌ವರ್ಡ್ ಏನೂ ಇರಲಿಲ್ಲ. ಗುರುತನ್ನು ಗೂಗಲ್‌ನಲ್ಲಿ ಹಾಕಿದರೆ ಆ ಪುಟಕ್ಕೆ ಹೋಗಬಹುದಿತ್ತು, ಕೆಲವು ರಾತ್ರಿಗಳ ಸ್ಥಾನ ಗೊತ್ತಾದರೆ ಆ ಕಾಯ ಬೇರೆ ದಿನ ಎಲ್ಲಿರುತ್ತೆ ಅಂತ ಲೆಕ್ಕ ಹಾಕಬಹುದಿತ್ತು.

ಇತ್ತ ಗ್ರಾನಡಾದ ಆಂಡಲೂಸಿಯಾ ಖಗೋಳ ಭೌತವಿಜ್ಞಾನ ಸಂಸ್ಥೆಯಲ್ಲಿ ಹೊಸೆ ಲೂಯಿಸ್ ಓರ್ಟಿಸ್ ಮತ್ತು ಪಾಬ್ಲೊ ಸಾಂಟೋಸ್ ಸಾನ್ಸ್ ಕೂಡ ಇದೇ ತರಹದ ಹುಡುಕಾಟ ನಡೆಸಿದ್ದರು. 2003ರ ಮಾರ್ಚ್‌ನಲ್ಲಿ ಸಿಯೆರಾ ನೆವಾಡಾದಿಂದ ತಾವೇ ತೆಗೆದ ಚಿತ್ರಗಳಲ್ಲಿ ಒಂದು ಹೊಳೆಯುವ ಹೊಸ ಕಾಯ ಇದೆ ಅಂತ ಅವರು ಜುಲೈ 27ರ ರಾತ್ರಿ ಮೈನರ್ ಪ್ಲಾನೆಟ್ ಸೆಂಟರ್‌ಗೆ ಇಮೇಲ್ ಕಳಿಸಿದರು. ಸೌರವ್ಯೂಹದ ಸಣ್ಣ ಕಾಯಗಳ ಲೆಕ್ಕ ಇಡುವ ಜಾಗ ಅದು. ಜುಲೈ 29ಕ್ಕೆ 2003 ಇಎಲ್61 ಅನ್ನೋ ತಾತ್ಕಾಲಿಕ ಹೆಸರಲ್ಲಿ ಸುದ್ದಿ ಹೊರಬಂತು. ತಮ್ಮ ಸಾಂಟಾ ಕೈತಪ್ಪಿತು ಅಂತ ಗೊತ್ತಾದಾಗ ಬ್ರೌನ್ ಮಾಡಿದ ಮೊದಲ ಕೆಲಸ ಓರ್ಟಿಸ್‌ಗೆ ಅಭಿನಂದನೆ ಹೇಳಿದ್ದು. ಈ ಕತೆಯಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇದು. ಜೊತೆಗೆ ಉಳಿದೆರಡು ಕಾಯಗಳ ಸ್ಥಾನವನ್ನೂ ಅದೇ ದಿನಚರಿಗಳಿಂದ ಯಾರಾದರೂ ತೆಗೆಯಬಹುದು ಅನ್ನೋ ಭಯದಲ್ಲಿ ಎರಿಸ್, ಮಾಕೆಮಾಕೆ ಎರಡನ್ನೂ ಅದೇ ದಿನ ಗಡಿಬಿಡಿಯಲ್ಲಿ ಪ್ರಕಟಿಸಿದರು. ಹತ್ತನೇ ಗ್ರಹ ಸಿಕ್ಕಿತು ಅಂತ ಪತ್ರಿಕೆಗಳು ಬರೆದದ್ದು ಎರಿಸ್ ಬಗ್ಗೆ. ಮುಂದಿನ ವರ್ಷ ಪ್ಲೂಟೊ ತನ್ನ ಸ್ಥಾನ ಕಳೆದುಕೊಳ್ಳಲು ದೊಡ್ಡ ಕಾರಣವೂ ಅದೇ.

ಆಮೇಲೆ ಆ ದಿನಚರಿ ಇದ್ದ ಸರ್ವರ್‌ನ ದಾಖಲೆ ನೋಡಿದರು. ಇಮೇಲ್ ಹೋಗುವ ಮುಂಚಿನ ದಿನ, ಅಂದರೆ ಜುಲೈ 26ರಂದು, ಗ್ರಾನಡಾದ ಅದೇ ಸಂಸ್ಥೆಯ ಕಂಪ್ಯೂಟರಿನಿಂದ ಆ ವೀಕ್ಷಣಾ ದಿನಚರಿಯ ಪುಟ ತೆರೆಯಲಾಗಿತ್ತು. ಬ್ರೌನ್ ಅಭಿನಂದನೆ ಹಿಂತೆಗೆದುಕೊಂಡು ಆಗಸ್ಟ್‌ನಲ್ಲಿ ಒಕ್ಕೂಟಕ್ಕೆ ದೂರು ಕೊಟ್ಟರು. ಪುಟ ನೋಡಿದ್ದು ನಿಜ ಅಂತ ಓರ್ಟಿಸ್ ಒಪ್ಪಿಕೊಂಡರು, ಆದರೆ ತಪ್ಪು ಮಾಡಿಲ್ಲ ಅಂದರು. ಅವರ ಪ್ರಕಾರ ಕಾಯ ಅವರಿಗೆ ಮೊದಲೇ ಸಿಕ್ಕಿತ್ತು, ಇದು ಬೇರೆಯವರು ಹೇಳುತ್ತಿರುವ ಅದೇ ಕಾಯವಾ ಅಂತ ಪರೀಕ್ಷಿಸಲು ಮಾತ್ರ ಪುಟ ತೆರೆದಿದ್ದರು. ಎಲ್ಲರಿಗೂ ತೆರೆದಿದ್ದ ಪುಟ, ಗೂಗಲ್ ತೋರಿಸಿದ ಪುಟ, ನೋಡಿದರೆ ತಪ್ಪೇನು ಅನ್ನೋದು ಅವರ ವಾದ. ಕಂಡದ್ದನ್ನು ಏಳು ತಿಂಗಳು ಮುಚ್ಚಿಟ್ಟುಕೊಂಡ ಅಮೆರಿಕದವರೇ ವಿಜ್ಞಾನಕ್ಕೆ ತೊಂದರೆ ಮಾಡಿದ್ದು ಅಂತಲೂ ಆಗ ಟೀಕೆ ಬಂತು.

ಇಬ್ಬರ ಮಾತಿನಲ್ಲೂ ತೂಕ ಇದೆ. ಆದರೂ ನಾನು ಎಲ್ಲಿ ನಿಲ್ಲುತ್ತೇನೆ ಅಂತ ಹೇಳಿಬಿಡುತ್ತೇನೆ.

ತೆರೆದ ಪುಟ ನೋಡುವುದು ಕಳ್ಳತನ ಅಲ್ಲ. ದೂರದರ್ಶಕ ಎಲ್ಲಿ ನೋಡುತ್ತಿತ್ತು ಅನ್ನೋ ಮಾಹಿತಿ ತೆರೆದಿರುವುದು ಒಳ್ಳೆಯದೇ, ಅದನ್ನು ಮುಚ್ಚಿಸಲು ಈ ಪ್ರಕರಣ ನೆಪ ಆಗಬಾರದು. ಕಂಡದ್ದನ್ನು ಕೆಲವು ತಿಂಗಳು ಇಟ್ಟುಕೊಂಡು ಸರಿಯಾಗಿ ಅಳೆದು ಪ್ರಕಟಿಸುವುದೂ ತಪ್ಪಲ್ಲ. ಅವಸರಕ್ಕೆ ಬಿದ್ದು ಅರ್ಧಂಬರ್ಧ ಹೇಳಿದರೆ ಆಮೇಲೆ ತಿದ್ದಿಕೊಳ್ಳುವ ಕೆಲಸ ಜಾಸ್ತಿ. ತಪ್ಪಾದದ್ದು ಆ ಇಮೇಲ್‌ನಲ್ಲಿ. ನಮ್ಮ 2003ರ ಚಿತ್ರದಲ್ಲಿ ಒಂದು ಕಾಯ ಇದೆ, ಇದನ್ನೇ ಇನ್ನೊಂದು ತಂಡ ಈಗಾಗಲೇ ಹಿಂಬಾಲಿಸುತ್ತಿರುವಂತಿದೆ, ಅವರ ದಿನಚರಿಯನ್ನು ನಾವು ನೋಡಿದ್ದೇವೆ, ಇಷ್ಟು ಬರೆದಿದ್ದರೆ ಸಾಕಿತ್ತು. ಎರಡು ಸಾಲು. ಆ ಎರಡು ಸಾಲು ಇದ್ದಿದ್ದರೆ ಸ್ಪೇನಿನವರ 2003ರ ಚಿತ್ರಕ್ಕೆ ಸಿಗಬೇಕಾದ ಗೌರವ ಯಾರ ಅನುಮಾನವೂ ಇಲ್ಲದೆ ಸಿಗುತ್ತಿತ್ತು, ಯಾಕೆಂದರೆ ಆ ಚಿತ್ರ ನಿಜ, ಅದರಲ್ಲಿ ಆ ಚುಕ್ಕಿ ಇರುವುದೂ ನಿಜ. ಹೇಗೆ ಸಿಕ್ಕಿತು ಅನ್ನೋ ದಾರಿ ಹೇಳದೇ ಇದ್ದಾಗ ಮಾತ್ರ ಎಲ್ಲ ಕೆಟ್ಟಿತು. ಅವರು ಪುಟ ನೋಡುವ ಮುಂಚೆಯೇ ಚುಕ್ಕಿಯನ್ನು ಗುರುತಿಸಿದ್ದರೋ ಅಥವಾ ನೋಡಿದ ಮೇಲೋ ಅಂತ ಈಗ ಹೊರಗಿನವರು ಯಾರೂ ಸಾಧಿಸಿ ತೋರಿಸಲಾರರು.

ಒಕ್ಕೂಟ ಏನು ಮಾಡಿತು? 2008ರ ಸೆಪ್ಟೆಂಬರ್‌ನಲ್ಲಿ ದಿನ, ಜಾಗ ಎರಡನ್ನೂ ಸ್ಪೇನಿಗೆ ಕೊಟ್ಟಿತು. ಸ್ಪೇನಿನವರು ಸೂಚಿಸಿದ್ದ ಅಟಾಯೆಸಿನಾ ಅನ್ನೋ ಹೆಸರನ್ನು ಬಿಟ್ಟು, ಅಮೆರಿಕದವರು ಸೂಚಿಸಿದ ಹವಾಯಿ ದೇವತೆಯ ಹೆಸರನ್ನು ಒಪ್ಪಿಕೊಂಡಿತು. ಯಾರು ಕಂಡುಹಿಡಿದರು ಅಂತ ಮಾತ್ರ ಬರೆಯಲಿಲ್ಲ. ಇದನ್ನು ಜಾಣ ರಾಜಿ ಅಂತ ಹೊಗಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ತಪ್ಪಾಗಿದ್ದರೆ ಇಂಥ ತಪ್ಪು ಅಂತ ಹೇಳಬೇಕಿತ್ತು, ಆಗಿಲ್ಲ ಅಂದರೆ ಆ ಇಬ್ಬರ ಮೇಲಿನ ಆರೋಪವನ್ನು ತೆಗೆದುಹಾಕಬೇಕಿತ್ತು. ಸುಮ್ನೆ ಖಾಲಿ ಬಿಟ್ಟಿದ್ದರಿಂದ ಎರಡೂ ಕಡೆಯವರಿಗೆ ಅನ್ಯಾಯ ಆಯಿತು. ಸಾಂಟೋಸ್ ಸಾನ್ಸ್ ಆಗಿನ್ನೂ ಸಂಶೋಧನಾ ವಿದ್ಯಾರ್ಥಿ. ಅಂಥ ವಯಸ್ಸಿನಲ್ಲಿ ತೀರ್ಪಿಲ್ಲದ ಆರೋಪ ಹೊತ್ತು ನಡೆಯುವುದು ಸಣ್ಣ ಭಾರ ಅಲ್ಲ.

ಇನ್ನೂ ಒಂದು ವಿಷಯ ಇಲ್ಲಿ ಅಡಗಿದೆ. ದಾಖಲೆಯಲ್ಲಿರುವ 2003ರ ಮಾರ್ಚ್ 7 ಅನ್ನೋದು ಚಿತ್ರ ತೆಗೆದ ದಿನ. ಆ ದಿನ ಹೌಮಿಯಾ ಇದೆ ಅಂತ ಭೂಮಿಯ ಮೇಲೆ ಒಬ್ಬರಿಗೂ ಗೊತ್ತಿರಲಿಲ್ಲ. ಚಿತ್ರದಲ್ಲಿ ಬಿದ್ದಿದ್ದೇ ಮುಖ್ಯ ಅನ್ನುವುದಾದರೆ 1955ರ ಪಾಲೋಮಾರ್ ಫೋಟೊ ಫಲಕಗಳಲ್ಲೂ ಅದು ಬಿದ್ದಿದೆ, ಆಮೇಲೆ ಹುಡುಕಿ ತೆಗೆದರು. ಅಷ್ಟೇ ಯಾಕೆ, ಗೆಲಿಲಿಯೊ 1612ರ ಡಿಸೆಂಬರ್‌ನಲ್ಲಿ ಗುರುಗ್ರಹವನ್ನು ನೋಡುತ್ತಾ ಪಕ್ಕದಲ್ಲಿದ್ದ ನೆಪ್ಚೂನನ್ನು ನಕ್ಷತ್ರ ಅಂತ ತನ್ನ ಚಿತ್ರದಲ್ಲಿ ಗುರುತು ಮಾಡಿದ್ದ. ಮುಂದಿನ ತಿಂಗಳು ಮತ್ತೆ ಗುರುತು ಮಾಡಿದ. ಆದರೂ ನೆಪ್ಚೂನನ್ನು ಗೆಲಿಲಿಯೊ ಕಂಡುಹಿಡಿದ ಅಂತ ನಾವು ಹೇಳುವುದಿಲ್ಲ. ಕಣ್ಣಿಗೆ ಬೀಳುವುದು ಬೇರೆ, ಇದು ಏನು ಅಂತ ಗೊತ್ತಾಗುವುದು ಬೇರೆ.

ನೆಪ್ಚೂನ್ ಕತೆ ಈ ಲೆಕ್ಕವನ್ನು ಇನ್ನೂ ಸ್ಪಷ್ಟ ಮಾಡುತ್ತದೆ. 1781ರಲ್ಲಿ ಸಿಕ್ಕ ಯುರೇನಸ್ ಲೆಕ್ಕ ಹಾಕಿದ ದಾರಿಯಲ್ಲಿ ಹೋಗುತ್ತಿರಲಿಲ್ಲ. ಆಚೆ ಏನೋ ಎಳೆಯುತ್ತಿದೆ ಅಂತ ಹಲವರಿಗೆ ಅನುಮಾನ ಇತ್ತು. ಫ್ರಾನ್ಸಿನ ಲೆವೆರಿಯೆ ತನ್ನ ಲೆಕ್ಕವನ್ನು 1846ರಲ್ಲಿ ಬಹಿರಂಗವಾಗಿ ಪ್ರಕಟಿಸಿದ. ಇಂಗ್ಲೆಂಡಿನ ಆಡಮ್ಸ್ ಅದಕ್ಕೆ ಮುಂಚೆಯೇ, 1845ರಲ್ಲಿ, ತನ್ನ ಲೆಕ್ಕದ ಚೀಟಿಯನ್ನು ಗ್ರೀನಿಚ್‌ನಲ್ಲಿ ರಾಜ ಖಗೋಳಜ್ಞ ಏರಿಯ ಮನೆಗೆ ಕೊಟ್ಟು ಬಂದಿದ್ದ. ಏರಿ ಒಂದು ಪ್ರಶ್ನೆ ಕೇಳಿ ಪತ್ರ ಬರೆದ, ಆಡಮ್ಸ್‌ನಿಂದ ಉತ್ತರ ಬರಲಿಲ್ಲ, ಅಲ್ಲಿಗೆ ನಿಂತಿತು. ಮುಂದಿನ ವರ್ಷ ಲೆವೆರಿಯೆಯ ಲೆಕ್ಕ ನೋಡಿದ ಮೇಲೆ ಗಾಬರಿಯಾಗಿ ಕೇಂಬ್ರಿಡ್ಜ್‌ನ ಚಾಲಿಸ್ ಕೈಲಿ ಹುಡುಕಿಸಿದರು. ಚಾಲಿಸ್ ಆಗಸ್ಟ್‌ನಲ್ಲಿ ಎರಡು ಸಲ ನೆಪ್ಚೂನನ್ನು ದಾಖಲಿಸಿಯೂ ಗುರುತಿಸಲಿಲ್ಲ. ಸೆಪ್ಟೆಂಬರ್ 23ಕ್ಕೆ ಲೆವೆರಿಯೆಯ ಪತ್ರ ಬರ್ಲಿನ್ ಮುಟ್ಟಿತು, ಅದೇ ರಾತ್ರಿ ಅಲ್ಲಿನ ಖಗೋಳಜ್ಞ ಗಾಲೆಗೆ ಗ್ರಹ ಸಿಕ್ಕಿತು, ಹೇಳಿದ ಜಾಗದಿಂದ ಒಂದು ಡಿಗ್ರಿಯೂ ದೂರ ಇರಲಿಲ್ಲ. ಆಡಮ್ಸ್ ಲೆಕ್ಕ ಸುಮಾರು 12 ಡಿಗ್ರಿ ಆಚೆ ಇತ್ತು.

ಗಾಲೆಯ ಪಕ್ಕದಲ್ಲಿ ಡಿ'ಅರೆಸ್ಟ್ ಅನ್ನೋ ವಿದ್ಯಾರ್ಥಿ ಇದ್ದ. ಹೊಸ ನಕ್ಷತ್ರ ನಕ್ಷೆಯ ಜೊತೆ ಹೋಲಿಸಿ ನೋಡೋಣ ಅಂತ ಸೂಚಿಸಿದ್ದು ಅವನು. ಗಾಲೆ ದೂರದರ್ಶಕದಲ್ಲಿ ನೋಡಿ ಒಂದೊಂದೇ ನಕ್ಷತ್ರ ಹೇಳುತ್ತಾ ಹೋದ, ಇವನು ನಕ್ಷೆಯಲ್ಲಿ ಗುರುತಿಸುತ್ತಾ ಹೋದ, ನಕ್ಷೆಯಲ್ಲಿ ಇಲ್ಲದ ಒಂದು ಸಿಕ್ಕಿತು. ಆ ನಕ್ಷೆ ಚಾಲಿಸ್ ಹತ್ತಿರ ಇರಲಿಲ್ಲ. ಡಿ'ಅರೆಸ್ಟ್‌ನ ಪಾಲು ಲೋಕಕ್ಕೆ ತಿಳಿಯಲು ಎಷ್ಟೋ ವರ್ಷ ಬೇಕಾಯಿತು. ದೇಶ ದೇಶಗಳ ಜಗಳದಲ್ಲಿ ಇಂಥವರೇ ಮೊದಲು ಮಾಯವಾಗುವುದು.

ಗ್ರಹ ಸಿಕ್ಕ ಹತ್ತೇ ದಿನಕ್ಕೆ ಇಂಗ್ಲೆಂಡಿನಲ್ಲಿ ಆಡಮ್ಸ್ ಹೆಸರು ಮೇಲೆ ಬಂತು, ಫ್ರಾನ್ಸ್ ಕೆರಳಿತು. ಆಡಮ್ಸ್ ಮಾತ್ರ ಲೆವೆರಿಯೆಯೇ ಮೊದಲು ಅಂತ ತಾನೇ ಬಹಿರಂಗವಾಗಿ ಒಪ್ಪಿಕೊಂಡ. ಆದರೂ ಪಠ್ಯಪುಸ್ತಕಗಳು ನೂರೈವತ್ತು ವರ್ಷ ಇಬ್ಬರಿಗೂ ಸಮಪಾಲು ಕೊಟ್ಟವು. ಗ್ರೀನಿಚ್‌ನ ನೆಪ್ಚೂನ್ ಕಡತ ಕಾಣೆಯಾಗಿತ್ತು, ಮೂಲ ನೋಡಿ ಪರೀಕ್ಷಿಸೋಣ ಅಂದರೆ ಯಾರಿಗೂ ಸಿಗುತ್ತಿರಲಿಲ್ಲ. ಕೊನೆಗೆ 1998ರಲ್ಲಿ ಒಲಿನ್ ಎಗನ್ ಅನ್ನೋ ಖಗೋಳಜ್ಞ ತೀರಿಕೊಂಡ ಮೇಲೆ ಚಿಲಿಯಲ್ಲಿದ್ದ ಅವರ ಸಾಮಾನಿನಲ್ಲಿ ಅದು ಸಿಕ್ಕಿತು. ಓದಿದ ಇತಿಹಾಸಕಾರರು, ಆಡಮ್ಸ್ ಲೆಕ್ಕ ಆಗಾಗ ಬದಲಾಗುತ್ತಿತ್ತು, ಇಂಥಲ್ಲಿ ನೋಡಿ ಅಂತ ಬೇರೆಯವರನ್ನು ನಂಬಿಸುವ ಮಟ್ಟಕ್ಕೆ ಅವನು ಹೋಗಲೇ ಇಲ್ಲ ಅಂತ ತೋರಿಸಿದರು. ಕಾಗದ ತೆರೆದಿದ್ದಿದ್ದರೆ ಈ ಮಾತು ನೂರು ವರ್ಷ ಮುಂಚೆಯೇ ಮುಗಿಯುತ್ತಿತ್ತು, ಅಲ್ವಾ?

ಬೇರೆ ನಕ್ಷತ್ರಗಳ ಗ್ರಹಗಳಿಗೆ ಬಂದರೆ ಗೊಂದಲ ಇನ್ನೊಂದು ತರಹದ್ದು. 51 ಪೆಗಾಸಿ ನಕ್ಷತ್ರದ ಗ್ರಹವನ್ನು 1995ರಲ್ಲಿ ಪ್ರಕಟಿಸಿದ ಮೇಯರ್ ಮತ್ತು ಕೆಲೋಜ್‌ಗೆ 2019ರಲ್ಲಿ ನೊಬೆಲ್ ಬಂತು. ಅವರೇ ಮೊದಲಾ? 1992ರಲ್ಲೇ ವೋಲ್ಶ್ಚಾನ್ ಮತ್ತು ಫ್ರೇಲ್ ಒಂದು ಪಲ್ಸಾರ್ ಸುತ್ತ, ಅಂದರೆ ಸತ್ತ ನಕ್ಷತ್ರದ ವೇಗವಾಗಿ ತಿರುಗುವ ತಿರುಳಿನ ಸುತ್ತ, ಗ್ರಹಗಳನ್ನು ತೋರಿಸಿದ್ದರು. ಅದಕ್ಕೇ ನೊಬೆಲ್ ಸಮಿತಿ ಸೂರ್ಯನಂಥ ನಕ್ಷತ್ರದ ಗ್ರಹ ಅಂತ ಎಚ್ಚರದಿಂದ ಬರೆಯಿತು. ಕೆನಡಾದ ಕ್ಯಾಂಪ್‌ಬೆಲ್, ವಾಕರ್, ಯಾಂಗ್ 1988ರಲ್ಲೇ ಗಾಮಾ ಸೆಫೈ ಅನ್ನೋ ನಕ್ಷತ್ರದ ಸುತ್ತ ಏನೋ ಇದೆ ಅಂದಿದ್ದರು, ಆಮೇಲೆ ಅದು ನಕ್ಷತ್ರದ್ದೇ ಮಿಡಿತ ಇರಬಹುದು ಅಂತ 1992ರಲ್ಲಿ ಹಿಂದೆ ಸರಿದರು, 2003ರಲ್ಲಿ ನೋಡಿದರೆ ಗ್ರಹ ಇತ್ತು! ಪ್ರಾಮಾಣಿಕವಾಗಿ ಅನುಮಾನ ಪಟ್ಟವರಿಗೆ ಏನೂ ಸಿಗಲಿಲ್ಲ. ಇದಕ್ಕೆ ತಿರುಗುಮುರುಗಾದದ್ದೂ ಇದೆ. ಡೇವಿಡ್ ಲೇಥಮ್ ತಂಡ 1989ರಲ್ಲಿ ಕಂಡ ಎಚ್‌ಡಿ 114762 ನಕ್ಷತ್ರದ ಸಂಗಾತಿಯನ್ನು ಮೊದಲ ಗ್ರಹ ಅನ್ನಬೇಕು ಅಂತ ಬಹಳ ಜನ ವಾದಿಸಿದ್ದರು, ಗಾಯಾ ಉಪಗ್ರಹದ ಅಳತೆ ಬಂದ ಮೇಲೆ ಅದು ಗ್ರಹವೇ ಅಲ್ಲ, ಪುಟ್ಟ ನಕ್ಷತ್ರ ಅಂತ ಗೊತ್ತಾಯಿತು.

ಇಷ್ಟೊಂದು ಹೆಸರಿಗಾಗಿ ಯಾಕೆ ಗುದ್ದಾಟ ಅಂತ ಕೆಲವರಿಗೆ ಅನ್ನಿಸಬಹುದು. ಗ್ರಹ ಅಲ್ಲೇ ಇರುತ್ತೆ, ಯಾರು ಕಂಡರೇನು. ಆದರೆ ದೊಡ್ಡ ದೂರದರ್ಶಕದಲ್ಲಿ ಒಂದು ರಾತ್ರಿ ಸಿಗಬೇಕಾದರೆ ಸ್ಪರ್ಧೆಯಲ್ಲಿ ಗೆಲ್ಲಬೇಕು, ಕೆಲಸ, ಅನುದಾನ, ಮುಂದಿನ ರಾತ್ರಿ ಎಲ್ಲವೂ ಹಿಂದಿನ ಹೆಸರಿನ ಮೇಲೆ ನಿಂತಿರುತ್ತವೆ. ಜೇಮ್ಸ್ ವೆಬ್ ದೂರದರ್ಶಕದಲ್ಲಿ ಸಮಯ ಗೆದ್ದವರಿಗೆ ಸಾಮಾನ್ಯವಾಗಿ 12 ತಿಂಗಳು ದತ್ತಾಂಶ ಅವರದ್ದೇ, ಆಮೇಲೆ ಎಲ್ಲರಿಗೂ. ಈ ಅವಧಿ ತೆಗೆದು ಮೊದಲ ದಿನವೇ ತೆರೆಯಬೇಕು ಅನ್ನೋ ಚರ್ಚೆ 2022ರಿಂದ ಜೋರಾಗಿದೆ. ಸಾರ್ವಜನಿಕ ಹಣದಲ್ಲಿ ನಡೆಯುವ ಕೆಲಸ ಎಲ್ಲರದ್ದು ಅನ್ನೋದು ಸರಿಯೇ. ಆದರೆ ಒಂದೇ ದಿನ ತೆರೆದರೆ ಹತ್ತು ಜನರ ತಂಡ, ಸಿದ್ಧವಾದ ಸಾಫ್ಟ್‌ವೇರ್ ಇರುವವರು ವಾರದೊಳಗೆ ಪ್ರಬಂಧ ಮುಗಿಸುತ್ತಾರೆ. ಆ ವೀಕ್ಷಣೆಯ ಕಲ್ಪನೆಯೇ ಯಾರದ್ದೋ, ಅವರು ಪಾಠ ಮಾಡುತ್ತಾ ಮಗು ನೋಡಿಕೊಳ್ಳುತ್ತಾ ಒಬ್ಬರೇ ಕೆಲಸ ಮಾಡುತ್ತಿದ್ದರೆ ಹಿಂದೆ ಬೀಳುತ್ತಾರೆ. ಬೆಳೆದವನೊಬ್ಬ, ಕೊಯ್ದವನೊಬ್ಬ ಅನ್ನೋ ಸ್ಥಿತಿ.

ಹಾಗಂತ ಬೇರೆಯವರ ಚಿತ್ರದಲ್ಲಿ ಹುಡುಕುವುದು ಕಡಿಮೆ ಕೆಲಸ ಅಂತ ನಾನು ಹೇಳುತ್ತಿಲ್ಲ. 2025ರ ಮೇ ತಿಂಗಳಲ್ಲಿ ಪ್ರಿನ್ಸ್‌ಟನ್‌ನ ಸಿಹಾವ್ ಚೆಂಗ್ ಮತ್ತು ಜೊತೆಗಾರರು 2017 ಒಎಫ್201 ಅನ್ನೋ ಕಾಯವನ್ನು ಪ್ರಕಟಿಸಿದರು. ಸುಮಾರು 700 ಕಿಲೋಮೀಟರ್ ಅಗಲ, ಒಂದು ಸುತ್ತಿಗೆ ಸುಮಾರು 25,000 ವರ್ಷ. ಅದರ ಒಂದು ಚಿತ್ರವನ್ನೂ ಅವರು ತೆಗೆದಿರಲಿಲ್ಲ. 2011ರಿಂದ 2018ರವರೆಗೆ ಬೇರೆ ಬೇರೆ ದೂರದರ್ಶಕಗಳು ತೆಗೆದು ಎಲ್ಲರಿಗೂ ತೆರೆದಿಟ್ಟ ಚಿತ್ರಗಳಲ್ಲಿ ಚುಕ್ಕಿಗಳನ್ನು ಜೋಡಿಸಿ ಕಂಡುಹಿಡಿದರು. ಚಿತ್ರಗಳು ಎಲ್ಲಿಂದ ಬಂದವು ಅಂತ ಪೂರ್ತಿ ಹೇಳಿದರು. ಜಗಳ ಆಗಲಿಲ್ಲ. 2005ರ ಪ್ರಕರಣಕ್ಕೂ ಇದಕ್ಕೂ ವ್ಯತ್ಯಾಸ ಇರುವುದು ಇಲ್ಲೇ.

ಓರ್ಟಿಸ್ ಕೂಡ ಆಮೇಲೆ ಇದನ್ನು ಚೆನ್ನಾಗಿ ಮಾಡಿ ತೋರಿಸಿದ್ದಾರೆ. 2017ರ ಜನವರಿ 21ರಂದು ಹೌಮಿಯಾ ಒಂದು ನಕ್ಷತ್ರದ ಮುಂದೆ ಹಾದುಹೋಯಿತು. ಯುರೋಪಿನ 12 ದೂರದರ್ಶಕಗಳಿಂದ ಅವರ ತಂಡ ಆ ಕ್ಷಣವನ್ನು ಹಿಡಿದು, ಹೌಮಿಯಾಗೆ ಉಂಗುರ ಇದೆ ಅಂತ ತೋರಿಸಿತು. ನೆಪ್ಚೂನ್ ಆಚೆಯ ಕಾಯವೊಂದಕ್ಕೆ ಉಂಗುರ ಸಿಕ್ಕಿದ್ದು ಅದೇ ಮೊದಲು. ಯಾರ್ಯಾರು ಎಲ್ಲೆಲ್ಲಿಂದ ನೋಡಿದರು ಅನ್ನೋದು ಉದ್ದದ ಲೇಖಕರ ಪಟ್ಟಿಯಲ್ಲೇ ಇದೆ. ಹೌಮಿಯಾದ ಆಕಾರದ ಬಗ್ಗೆ ನಮಗಿರುವ ಒಳ್ಳೆಯ ಅಳತೆ ಬಂದದ್ದು ಅಲ್ಲಿಂದಲೇ. ಇದನ್ನು ಯಾರೂ ಅವರಿಂದ ಕಿತ್ತುಕೊಳ್ಳಲಾರರು.

ಈಗ ಒಂಬತ್ತನೇ ಗ್ರಹದ ವಿಷಯಕ್ಕೆ ಬರೋಣ. ದೂರದ ಕೆಲವು ಕಾಯಗಳ ಕಕ್ಷೆಗಳು ಒಂದೇ ರೀತಿ ವಾಲಿರುವುದನ್ನು ನೋಡಿ, ಆಚೆ ದೊಡ್ಡದೇನೋ ಇರಬಹುದು ಅಂತ 2014ರಲ್ಲಿ ಟ್ರುಹಿಯೊ ಮತ್ತು ಶೆಪರ್ಡ್ ಹೇಳಿದರು. 2016ರಲ್ಲಿ ಬಟಿಗಿನ್ ಮತ್ತು ಬ್ರೌನ್ ಅದಕ್ಕೆ ತೂಕ, ಕಕ್ಷೆ ಎಲ್ಲ ಲೆಕ್ಕ ಹಾಕಿ ಕೊಟ್ಟರು. ನಾವು ಯಾವ ಕಡೆ ಜಾಸ್ತಿ ಹುಡುಕಿದ್ದೇವೋ ಆ ಕಡೆ ಜಾಸ್ತಿ ಕಂಡಿದೆ, ಅಷ್ಟೇ, ಗ್ರಹ ಇಲ್ಲ ಅನ್ನುವವರೂ ಗಟ್ಟಿಯಾಗಿದ್ದಾರೆ. 2025ರಲ್ಲಿ ತೈವಾನಿನ ಒಂದು ತಂಡ 1983ರ ಮತ್ತು 2006ರ ಉಪಗ್ರಹ ದತ್ತಾಂಶ ಹೋಲಿಸಿ ಒಂದು ಚುಕ್ಕಿಯನ್ನು ಮುಂದಿಟ್ಟಿತು, ಅದು ತಾವು ಹೇಳಿದ ಕಕ್ಷೆಗೆ ಹೊಂದುವುದಿಲ್ಲ ಅಂತ ಬ್ರೌನ್ ಹೇಳಿದರು.

ಅದು ನಿಜಕ್ಕೂ ಇದ್ದು ರೂಬಿನ್ ಚಿತ್ರಗಳಲ್ಲಿ ಸಿಕ್ಕರೆ? ಮೈನರ್ ಪ್ಲಾನೆಟ್ ಸೆಂಟರ್ 2010ರಿಂದ ಪಾಲಿಸುವ ನಿಯಮದಲ್ಲಿ, ಒಂದು ಕಾಯ ಆಕಾಶದಲ್ಲಿ ಕಾಣುವ ಯಾವ ಅವಧಿಯಲ್ಲಿ ಅದರ ಎರಡನೇ ರಾತ್ರಿಯ ವೀಕ್ಷಣೆ ಮೊದಲು ವರದಿಯಾಯಿತೋ, ಆ ಅವಧಿಯಲ್ಲಿ ಅದನ್ನು ಮೊದಲು ವರದಿ ಮಾಡಿದವರಿಗೆ ಹೆಸರು ಹೋಗುತ್ತದೆ. ಕ್ಷುದ್ರಗ್ರಹಗಳ ಲೆಕ್ಕಕ್ಕೆ ಇದು ಒಳ್ಳೆಯ ನಿಯಮ, ತಕರಾರಿಲ್ಲದೆ ತೀರ್ಮಾನ ಆಗುತ್ತೆ. ಅದನ್ನೇ ಇಲ್ಲಿಗೂ ತಂದರೆ ಕಂಡುಹಿಡಿದವರ ಜಾಗದಲ್ಲಿ ಒಂದು ದೂರದರ್ಶಕದ ಹೆಸರು ಬರುತ್ತದೆ. ಎಲ್ಲಿ ಹುಡುಕಿ ಅಂದವರು, ಚುಕ್ಕಿ ಜೋಡಿಸುವ ಸಾಫ್ಟ್‌ವೇರ್ ಬರೆದವರು, ಲಕ್ಷಾಂತರ ಸುಳ್ಳು ಸೂಚನೆಗಳ ನಡುವೆ ಇದು ನಿಜ ಅಂತ ಗುರುತಿಸಿದವರು, ಇನ್ನೊಂದು ದೂರದರ್ಶಕದಿಂದ ಖಚಿತ ಮಾಡಿದವರು, ಯಾರೂ ಅಲ್ಲಿರುವುದಿಲ್ಲ.

ಒಂದೇ ಹೆಸರು ಬರೆಯುವ ಆ ಜಾಗವನ್ನು ನಾಲ್ಕಾಗಿ ಒಡೆಯಲು ದೊಡ್ಡ ಖರ್ಚೇನೂ ಇಲ್ಲ. ಮುಂಚಿತವಾಗಿ ಹೇಳಿದವರು, ಚಿತ್ರ ತೆಗೆದವರು, ಗುರುತಿಸಿದವರು, ಖಚಿತ ಮಾಡಿದವರು, ಪ್ರತಿಯೊಂದಕ್ಕೂ ದಿನಾಂಕ. ಜೊತೆಗೆ ವರದಿ ಕಳಿಸುವಾಗಲೇ ಒಂದು ಪ್ರಶ್ನೆಗೆ ಕಡ್ಡಾಯ ಉತ್ತರ: ಈ ಕಾಯದ ಬಗ್ಗೆ ಬೇರೆಯವರ ಯಾವ ಮಾಹಿತಿಯನ್ನು ನೀವು ನೋಡಿದ್ದೀರಿ? ಏನೂ ನೋಡಿಲ್ಲ ಅಂದರೆ ಹಾಗೇ ಬರೆಯಲಿ. ನೋಡಿದ್ದರೆ ಅದಕ್ಕೆ ಶಿಕ್ಷೆ ಇರಬಾರದು, ಮುಚ್ಚಿಟ್ಟರೆ ಮಾತ್ರ ಇರಬೇಕು. ಒಕ್ಕೂಟ ಇದನ್ನು ದೊಡ್ಡ ಗ್ರಹ ಸಿಕ್ಕಿ ದೇಶಗಳು ಕಿತ್ತಾಡಲು ಶುರು ಮಾಡಿದ ಮೇಲೆ ಬರೆಯಲು ಹೋದರೆ ಆಗುವುದಿಲ್ಲ, ಯಾರ ಪರ ಅನ್ನೋ ಅನುಮಾನ ಆಗ ಪ್ರತಿ ಸಾಲಿಗೂ ಅಂಟಿಕೊಳ್ಳುತ್ತದೆ. ಗ್ರಹ ಇನ್ನೂ ಯಾರಿಗೂ ಸಿಗದಿರುವ ಈ ಹೊತ್ತಿನಲ್ಲೇ ಬರೆಯಬೇಕು.